ಭಾಷಾಸಂಕೇತಗಳಲ್ಲಿ ಉಪಭಾಷೆ ಮತ್ತು ಮಿಶ್ರಭಾಷೆ

ಗ್ರಂಥಸೂಚಿಗಳನ್ನು ಯಂತ್ರಮುಖೇನ ಶೋಧಿಸತಕ್ಕ ಈ ಕಾಲದಲ್ಲಿ ಪ್ರತಿಯೊಂದು ಭಾಷೆಯನ್ನೂ ಗುರುತಿಸಲು ಅಂತರರಾಷ್ಟ್ರೀಯ ಮಾನಕವು ಅಕ್ಷರಸಂಕೇತಗಳನ್ನು ವಿಧಿಸಿರುವುದು. ಕನ್ನಡಕ್ಕೆ ‘ಕೆ ಎನ್’ ಎಂಬ ದ್ವ್ಯಕ್ಷರ ಸಂಕೇತವೂ ‘ಕೆ ಎ ಎನ್’ ಎಂಬ ತ್ರ್ಯಕ್ಷರ ಸಂಕೇತವೂ ಉಂಟು. 2007ರಲ್ಲಿ ಹೊರಟ ಈ ಮಾನಕದ ಮೂರನೆಯ ಭಾಗವು ಏಳು ಸಾವಿರಕ್ಕೂ ಮೇಲ್ಪಟ್ಟ ಭಾಷೆಗಳನ್ನು ಎಣಿಸಿತು; 2023ರಲ್ಲಿ ಭಾಗಗಳೆಲ್ಲವೂ ಒಂದೇ ಮಾನಕವಾಗಿ ಕೂಡಿದುವು. ಆದರೆ ತ್ರ್ಯಕ್ಷರ ಸಂಕೇತಕ್ಕೆ ಭಾಷೆಯೇ ಘಟಕವಲ್ಲದೆ ಉಪಭಾಷೆಯಲ್ಲ.

ಇದರ ಫಲವನ್ನು ನೋಡಬೇಕು. ನೀಲಗಿರಿಯ ಬಡಗ ನುಡಿಯನ್ನು ಕನ್ನಡದ ಉಪಭಾಷೆಯೆಂದು ಅನೇಕರು ಎಣಿಸಿದ್ದರೂ ಅದಕ್ಕೆ ‘ಬಿ ಎಫ್ ಕ್ಯು’ ಎಂಬ ಸ್ವತಂತ್ರ ಸಂಕೇತ ದೊರೆತಿದೆ. ಹವ್ಯಕರ ನುಡಿಗೆ ದೊರೆತಿಲ್ಲ. ಆದುದರಿಂದ ಹವ್ಯಕರ ಮದುವೆಯ ಹಾಡೂ ಬೆಂಗಳೂರಿನ ವೃತ್ತಪತ್ರಿಕೆಯೂ ಸೂಚಿಯಲ್ಲಿ ಒಂದೇ ಆಗುತ್ತವೆ. ಹುಡುಕುವವನಿಗೆ ಆ ಹಾಡು ಸಿಕ್ಕದು. ಸಿಕ್ಕಿದರೂ ಯಂತ್ರವು ಅದರ ರೂಪಗಳನ್ನು ಅಪಶಬ್ದಗಳೆಂದು ತಿದ್ದೀತು.

ಉಪಭಾಷೆಗಳಿಗೆಂದೇ ಚತುರಕ್ಷರ ಸಂಕೇತಗಳ ಆರನೆಯ ಭಾಗವು 2009ರಲ್ಲಿ ಹೊರಟು 2014ರಲ್ಲಿ ಹಿಂತೆಗೆಯಲ್ಪಟ್ಟಿತು. ಈಗ ಉಳಿದಿರುವ ಮಾರ್ಗವೆಂದರೆ ಅಂತರಜಾಲದ ಭಾಷಾಲಾಂಛನಪದ್ಧತಿ. ಇದರಲ್ಲಿ ಭಾಷೆ, ಲಿಪಿ, ಪ್ರದೇಶ, ಪ್ರಭೇದ ಎಂಬ ಅಂಗಗಳು ಕ್ರಮವಾಗಿ ಬರುತ್ತವೆ. ಸಂಸ್ಕೃತಕ್ಕೆ ವೈದಿಕ, ಲೌಕಿಕ, ಇತಿಹಾಸ, ಬೌದ್ಧ ಎಂಬ ಪ್ರಭೇದಗಳು ಇಲ್ಲಿ ನೋಂದಾಯಿತವಾಗಿವೆ. ಕನ್ನಡಲಿಪಿಯಲ್ಲಿ ಬರೆದ ವೇದಸಂಹಿತೆಯನ್ನು ಹೀಗೆ ಯಥಾವತ್ತಾಗಿ ನಿರ್ದೇಶಿಸಬಹುದು. ನೋಂದಾಯಿಸದ ಪ್ರಭೇದವನ್ನು ‘ಎಕ್ಸ್’ ಅಕ್ಷರದ ಮುಂದೆ ಬರೆಯಲು ಅವಕಾಶವಿದ್ದರೂ, ಅದು ಪರಸ್ಪರ ಒಪ್ಪಿಕೊಂಡವರಿಗೆ ಮಾತ್ರ ಅರ್ಥವಾಗುವುದು.

ಇನ್ನು ಮಿಶ್ರಭಾಷೆ. ಪಂಪನಲ್ಲಿ ಸಂಸ್ಕೃತಪದಗಳು ಹೇರಳವಾಗಿದ್ದರೂ ಅವು ಕನ್ನಡದ ವಿಭಕ್ತಿಗಳಿಗೆ ಅಧೀನವಾಗಿರುವುದರಿಂದ ಅದು ಕನ್ನಡವೇ. ಸಂಸ್ಕೃತಸೂತ್ರಕ್ಕೆ ಬರೆದ ಕನ್ನಡ ಟೀಕೆಯಲ್ಲಿ ಎರಡು ಭಾಷೆಗಳೂ ತಂತಮ್ಮ ವ್ಯಾಕರಣವನ್ನು ಬಿಟ್ಟಿರುವುದಿಲ್ಲ. ಅಲ್ಲಿ ಭಾಗಭಾಗಕ್ಕೂ ಬೇರೆ ಸಂಕೇತವು ಯುಕ್ತ. ಕೆನಡಾದ ಮಿಷಿಫ್ ಭಾಷೆಯಾದರೋ ಈ ಎರಡಕ್ಕೂ ಭಿನ್ನ: ಅದರ ನಾಮಪದಗಳು ಬಹುಮಟ್ಟಿಗೆ ಫ್ರೆಂಚಿನವು, ಕ್ರಿಯಾಪದಗಳು ಕ್ರೀ ಭಾಷೆಯವು. ಮಿಶ್ರಣವೇ ಒಂದು ಜನಾಂಗದ ನಿಯತವಾದ ನುಡಿಯಾಗಿ ನಿಂತುದರಿಂದ ಅದಕ್ಕೆ ‘ಸಿ ಆರ್ ಜಿ’ ಎಂಬ ಸ್ವಂತ ಸಂಕೇತವು ಸಲ್ಲುತ್ತದೆ.

ಈ ವಿವೇಕವು ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಕವಿರಾಜಮಾರ್ಗಕಾರನು ದೇಶಭೇದದಿಂದ ಕನ್ನಡಗಳು ಹಲವೆಂಬುದನ್ನು ಬಲ್ಲವನಾಗಿದ್ದನು. ಕೇಶಿರಾಜನು ಸಂಸ್ಕೃತ ಕನ್ನಡ ಪದಗಳು ಬೆರೆತ ಅರಿಸಮಾಸವನ್ನು ವಿಚಾರಿಸಿದನು. ದೋಷವೆಂದು ತಳ್ಳುವುದಕ್ಕಾದರೂ ಮೊದಲು ಹೆಸರಿಡಬೇಕಾಯಿತು. ಹೆಸರಿಲ್ಲದುದು ಸೂಚಿಯಲ್ಲಿ ಇಲ್ಲದುದಕ್ಕೆ ಸಮಾನ. ಆದಕಾರಣ ಹವ್ಯಕ ಮೊದಲಾದ ಪ್ರಭೇದಗಳ ಲಕ್ಷಣಗಳನ್ನು ನಿರ್ಣಯಿಸಿ ನೋಂದಾಯಿಸುವ ಕಾರ್ಯವನ್ನು ಕನ್ನಡ ವಿದ್ವಾಂಸರೇ ಕೈಕೊಳ್ಳತಕ್ಕದ್ದು.