ಪಿಕಪ್ ಮೋಟಾರಿನ ಸ್ಟೀರಿಂಗಿನಲ್ಲಿ ಸದ್ದು: ಕಾರಣವನ್ನು ಗುರುತಿಸುವ ಬಗೆ

ಎತ್ತಿನ ಗಾಡಿಯ ಕಾಲದಲ್ಲಿ ಗಾಲಿಯು ಕಿರುಗುಟ್ಟಿದ ಕೂಡಲೆ ಒಕ್ಕಲಿಗನು ಗಾಡಿಯನ್ನು ನಿಲ್ಲಿಸಿ, ಕಡಾಣಿಯನ್ನು ಕಿತ್ತು, ಅಚ್ಚಿಗೆ ಕೀಲೆಣ್ಣೆಯನ್ನು ಹಚ್ಚುತ್ತಿದ್ದನು. ಸದ್ದು ಎಲ್ಲಿಂದ ಬಂದಿತೆಂಬುದನ್ನು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಈಗ ಕಾಮಗೆರೆ, ಹನೂರು, ಕೊಳ್ಳೇಗಾಲದ ಕಡೆಯ ಗ್ರಾಮಗಳಲ್ಲಿ ರೇಷ್ಮೆಗೂಡು, ಅರಿಸಿನ, ತರಕಾರಿ ಮೊದಲಾದುವನ್ನು ಸಾಗಿಸುವ ಕೆಲಸವು ಬಹುಮಟ್ಟಿಗೆ ಪಿಕಪ್ ಮೋಟಾರುಗಳ ಪಾಲಿಗೆ ಬಂದಿದೆ. ಆದರೆ ಕಿವಿಯ ಆ ಅಭ್ಯಾಸವು ಗಾಡಿಯೊಡನೆಯೇ ಹಿಂದುಳಿದಿತು. ಸ್ಟೀರಿಂಗನ್ನು ತಿರುಗಿಸುವಾಗ ಸದ್ದು ಬಂದರೆ ಚಾಲಕನು ಹಾಡಿನ ಧ್ವನಿಯನ್ನು ಏರಿಸಿಬಿಡುವುದೇ ಹೆಚ್ಚು.

ಕಾಮಗೆರೆಯ ಸಮೀಪದ ಭೂಮಾಲೀಕರೊಬ್ಬರ ಪಿಕಪ್ಪಿನಲ್ಲಿ ಹಳ್ಳಕೊಳ್ಳಗಳ ಮೇಲೆ ಹೋಗುವಾಗ ಮುಂಭಾಗದಿಂದ 'ಟಕ್, ಟಕ್' ಎಂಬ ಸದ್ದು ಕೇಳಿಸುತ್ತಿತ್ತು. ಒಂದು ಕಾರ್ಖಾನೆಯಲ್ಲಿ ಪವರ್ ಸ್ಟೀರಿಂಗಿನ ಪಂಪು ಕೆಟ್ಟಿದೆಯೆಂದು ಹೇಳಿ ಹೊಸದನ್ನು ಕೂರಿಸಿದರು. ಹಣವು ಹೋಯಿತು, ಸದ್ದು ಹೋಗಲಿಲ್ಲ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯಬೇಕಾದ ಹಿಂದಿನ ದಿನ ಅದು ಇಮ್ಮಡಿಯಾಯಿತು. ಗೂಡಿನ ವ್ಯಾಪಾರವು ಕಾಯುವಂಥದಲ್ಲ; ಬಿಡಿಸಿದ ಕೆಲವೇ ದಿನಗಳೊಳಗೆ ಸಾಗಿಸದಿದ್ದರೆ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬರುವುದು, ಅಂತಹ ಗೂಡಿನಿಂದ ನೂಲನ್ನು ಬಿಚ್ಚಲಾಗದು. ಆ ಸಂಜೆ ಬೇರೊಬ್ಬ ಮೆಕ್ಯಾನಿಕ್ಕನು ಮೋಟಾರಿನ ಕೆಳಗೆ ಮಲಗಿ, ಒಂದು ಕೀಲಿನ ಮೇಲೆ ಅಂಗೈಯನ್ನಿಟ್ಟು, ಅರ್ಧ ಗಳಿಗೆಯಲ್ಲಿ ದೋಷವನ್ನು ಹಿಡಿದನು. ಟೈ ರಾಡಿನ ತುದಿಯ ಬಾಲ್ ಜಾಯಿಂಟಿನ ರಬ್ಬರು ಹರಿದು, ಒಳಗೆ ಕೆಸರು ಸೇರಿ, ಗುಂಡು ಸವೆದುಹೋಗಿದ್ದಿತು.

ಸದ್ದು ಎಂತಹುದೆಂಬುದಕ್ಕಿಂತ ಯಾವಾಗ ಬರುವುದೆಂಬುದನ್ನು ಮೊದಲು ಗಮನಿಸತಕ್ಕದ್ದು. ಇಂಜಿನು ನಡೆಯುತ್ತಿರುವಾಗ ಚಕ್ರವನ್ನು ತಿರುಗಿಸಿದರೆ ನರಳಿದಂತೆ ಕೇಳಿಸಿದಲ್ಲಿ ಪವರ್ ಸ್ಟೀರಿಂಗಿನ ಎಣ್ಣೆಯು ಕಡಮೆಯಾಗಿರಬಹುದು, ಇಲ್ಲವೆ ಅದರಲ್ಲಿ ಗಾಳಿಯು ಸೇರಿರಬಹುದು. ಎಣ್ಣೆಯಲ್ಲಿ ನೊರೆಯು ಕಂಡರೆ ಗಾಳಿಯೇ ಕಾರಣವೆಂದು ತಿಳಿಯಬೇಕು. ಪೂರ್ಣವಾಗಿ ತಿರುಗಿಸಿದಾಗ ಮಾತ್ರ ಕೀರಲು ಸದ್ದು ಬಂದರೆ ಬೆಲ್ಟು ಸಡಿಲವಾಗಿರುತ್ತದೆ. ಇಂಜಿನನ್ನು ನಿಲ್ಲಿಸಿದ ಮೇಲೂ ಚಾಲಕನ ಕಾಲಬಳಿಯಿಂದ ಕಿರುಗುಟ್ಟುವಿಕೆಯು ಬರುತ್ತಿದ್ದರೆ ಕಂಬಿಯು ತಳವನ್ನು ದಾಟುವೆಡೆಯ ರಬ್ಬರು ಒಣಗಿದೆ, ಇಲ್ಲವೆ ಅಲ್ಲಿನ ಕೀಲು ತುಕ್ಕುಹಿಡಿದಿದೆ. ಇವು ಕಿರಿಕಿರಿಯ ಸದ್ದುಗಳು. ಹಳ್ಳಬಿದ್ದ ದಾರಿಯಲ್ಲಿ ಕೇಳಿಸುವ 'ಟಕ್' ಎಂಬುದು ಹಾಗಲ್ಲ. ಟೈ ರಾಡಿನ ತುದಿ, ಬಾಲ್ ಜಾಯಿಂಟು, ಹಳೆಯ ಮೋಟಾರುಗಳಲ್ಲಿ ಕಿಂಗ್ ಪಿನ್ನು, ಇವುಗಳಲ್ಲಿ ಒಂದು ಸವೆದಿರುವುದರ ಗುರುತು ಅದು. ಗುಂಡು ಬಟ್ಟಲಿನಿಂದ ಕಳಚಿದರೆ ಆ ಬದಿಯ ಚಕ್ರವು ಸ್ಟೀರಿಂಗಿನ ಮಾತನ್ನು ಕೇಳುವುದಿಲ್ಲ. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಏರುವ ತಿರುವುಗಳಲ್ಲಿ ಹೀಗಾದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಪರೀಕ್ಷೆಗೆ ಇಬ್ಬರು ಬೇಕು. ಮೋಟಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲುಗಳನ್ನು ಕೊಡಬೇಕು. ಇಂಜಿನನ್ನು ನಿಲ್ಲಿಸಿ, ಸ್ಟೀರಿಂಗಿನ ಬೀಗವು ಬಿಡುವಷ್ಟು ಕೀಲಿಯನ್ನು ತಿರುಗಿಸಿರಬೇಕು. ಒಬ್ಬನು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಾಲ್ಕು ಬೆರಳಿನಷ್ಟು ಮಾತ್ರ ಅಲುಗಿಸುತ್ತಿರಲು, ಇನ್ನೊಬ್ಬನು ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಬೇಕು. ಸವೆದ ಕೀಲು ಕೈಗೆ ತಟ್ಟುತ್ತದೆ. ಕಿವಿಯು ಮೋಸಹೋದರೂ ಅಂಗೈಯು ಹೋಗುವುದು ಅಪರೂಪ. ಬಳಿಕ ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಗಡಿಯಾರದ 9 ಮತ್ತು 3 ಅಂಕಿಗಳಿರುವೆಡೆ ಹಿಡಿದು ಅಲುಗಿಸಿದಾಗ ಆಡಿದರೆ ಟೈ ರಾಡಿನ ಕಡೆಯ ದೋಷವೆಂದೂ, 12 ಮತ್ತು 6ರಲ್ಲಿ ಹಿಡಿದಾಗ ಆಡಿದರೆ ಬೇರಿಂಗು, ಬಾಲ್ ಜಾಯಿಂಟು ಅಥವಾ ಕಿಂಗ್ ಪಿನ್ನಿನ ದೋಷವೆಂದೂ ಊಹಿಸಬಹುದು. ಜಾಕಿಯೊಂದನ್ನೇ ನಂಬಿ ಕೆಳಗೆ ತಲೆಯನ್ನಿಡುವುದು ಎಂದಿಗೂ ಸಲ್ಲದು.

ಎಣ್ಣೆಯನ್ನು ಮಾಲೀಕರೇ ತುಂಬಬಹುದು. ಮುಚ್ಚಳದ ಮೇಲೆ ಯಾವ ಎಣ್ಣೆಯೆಂದು ಬರೆದಿದೆಯೋ ಅದನ್ನೇ, ಪಾತ್ರೆಯ ಗುರುತಿನವರೆಗೆ ಮಾತ್ರ ಹಾಕತಕ್ಕದ್ದು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲನ್ನು ಸುರಿದವರು ಒಳಗಿನ ರಬ್ಬರುಗಳನ್ನೆಲ್ಲ ಹಾಳುಮಾಡಿಕೊಳ್ಳುವರು. ಎಣ್ಣೆಯು ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ. ತುಂಬುತ್ತಲೇ ಇರುವುದು ಪರಿಹಾರವಲ್ಲ. ವಿದ್ಯುತ್ತಿನ ಸ್ಟೀರಿಂಗುಳ್ಳ ಹೊಸ ಮೋಟಾರುಗಳಲ್ಲಿ ಈ ಎಣ್ಣೆಯೂ ಇಲ್ಲ, ಪಂಪೂ ಇಲ್ಲ. ಗ್ರೀಸ್ ನಿಪ್ಪಲುಗಳಿರುವ ಕೀಲುಗಳಿಗೆ, ಗದ್ದೆಯ ಕೆಸರಿನಲ್ಲಿ ಓಡಾಡಿದ ಮೇಲೆ ಹಳೆಯ ಗ್ರೀಸು ಹೊರಬರುವವರೆಗೂ ಹೊಸದನ್ನು ಒತ್ತಬೇಕು.

ಸವೆದ ಬಾಲ್ ಜಾಯಿಂಟನ್ನು ಗ್ರೀಸಿನಿಂದ ಉಳಿಸಲಾಗುವುದಿಲ್ಲ, ಬದಲಾಯಿಸಲೇಬೇಕು. ಹಳೆಯ ತುದಿಯನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಏರಿಸುವುದು ಲೇಸು. ನಟ್ಟಿಗೆ ಹಾಕುವ ಸ್ಪ್ಲಿಟ್ ಪಿನ್ನು ಗಾಡಿಗೆ ಕಡಾಣಿಯಿದ್ದಂತೆ. ಹಳೆಯದನ್ನೇ ನೆಟ್ಟಗೆ ಮಾಡಿ ಹಾಕುವ ಮೆಕ್ಯಾನಿಕ್ಕನನ್ನು ತಡೆದು, ಹೊಸದನ್ನು ಎದುರಿಗೇ ಹಾಕಿಸಿಕೊಳ್ಳಬೇಕು.

ಮೇಲ್ಕಂಡ ಭೂಮಾಲೀಕರು ತುದಿಯನ್ನು ಬದಲಾಯಿಸಿ ಮಾರನೆಯ ದಿನ ಗೂಡನ್ನು ಮಾರಿಬಂದರು. ಆದರೆ ವೀಲ್ ಅಲೈನ್‌ಮೆಂಟನ್ನು ಮಾಡಿಸಲು ಮರೆತುದರಿಂದ ಮುಂದಿನ ಎರಡು ಟೈರುಗಳ ಒಳಅಂಚು ಮಳೆಗಾಲ ಮುಗಿಯುವಷ್ಟರಲ್ಲಿ ಬೋಳಾಗಿದ್ದಿತು.