ಸೆರಗಿನ ತೆನೆ: ಇಳಕಲ್ಲ ಸೀರೆಯನ್ನು ಓದುವ ಬಗೆ

ಮದುವೆ ಮನೆಯಲ್ಲಿ ಇಳಕಲ್ಲ ಸೀರೆ ಉಟ್ಟವರನ್ನು ನೀವು ದೂರದಿಂದಲೇ ಗುರುತಿಸುತ್ತೀರಿ. ಕೆಂಪು ಸೆರಗು, ಅದರ ಮೇಲೆ ಸಾಲಾಗಿ ನಿಂತ ಬಿಳಿಯ ಮೊನೆಗಳು. ಆ ಮೊನೆಗಳು ಏನು? ಗುಡಿಯ ಗೋಪುರ ಎನ್ನುವವರಿದ್ದಾರೆ, ಜೋಳದ ತೆನೆ ಎನ್ನುವವರಿದ್ದಾರೆ, ಕೋಟೆಯ ತೆನೆ ಎನ್ನುವವರೂ ಇದ್ದಾರೆ. ಚರ್ಚೆಯ ಕಾರ್ಯಕ್ರಮದಲ್ಲಿ ಇಂಥ ಪ್ರಶ್ನೆಗೆ ಸಮಯ ಸಾಲುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಈ ಸೆರಗಿಗೆ ನೇಕಾರರು ಇಟ್ಟ ಹೆಸರು ‘ಟೋಪ್ ತೆನಿ’. ಸಾಮಾನ್ಯವಾಗಿ ಇದರಲ್ಲಿ ಮೂರು ಕೆಂಪು ಪಟ್ಟಿಗಳು, ಅವುಗಳ ನಡುವೆ ಎರಡು ಬಿಳಿ ಪಟ್ಟಿಗಳು. ಕನ್ನಡದಲ್ಲಿ ‘ತೆನೆ’ ಎಂದರೆ ಕಾಳು ಕಟ್ಟಿದ ತೆನೆಯೂ ಹೌದು, ಕೋಟೆಗೋಡೆಯ ಮೇಲಿನ ತೆನೆಯೂ ಹೌದು. ಹುನಗುಂದದ ಎರೆಹೊಲದಲ್ಲಿ ಬಿಳಿಜೋಳ, ಬಾದಾಮಿಯ ಗುಡ್ಡದ ಮೇಲೆ ಕೋಟೆ, ಐಹೊಳೆ, ಪಟ್ಟದಕಲ್ಲಿನಲ್ಲಿ ಚಾಲುಕ್ಯರ ಗುಡಿಗಳು. ಎಲ್ಲವೂ ಒಂದು ದಿನದ ಪ್ರಯಾಣದೊಳಗೇ ಇವೆ. ಹೀಗಿರುವಾಗ ಒಂದೇ ಅರ್ಥಕ್ಕೆ ಪಟ್ಟು ಹಿಡಿಯಬೇಕಾಗಿಲ್ಲ.

ಆದರೆ ಎಲ್ಲವೂ ತ್ರಿಕೋನವೇ ಆಗಿರುವುದೇಕೆ? ಇದಕ್ಕೆ ಉತ್ತರ ಮಗ್ಗದಲ್ಲಿದೆ. ಬಟ್ಟೆ ಎಂದರೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಶಾಲೆಯಲ್ಲಿ ನಾವೆಲ್ಲ ಬಳಸಿದ ಗ್ರಾಫ್ ಹಾಳೆಯನ್ನು ನೆನಪಿಸಿಕೊಳ್ಳಿ. ಅದರ ಚೌಕಗಳನ್ನಷ್ಟೇ ತುಂಬಿ ದುಂಡನೆಯ ಗೆರೆ ಎಳೆಯುವುದು ಕಷ್ಟ. ಒಂದೊಂದು ಚೌಕ ಸರಿಯುತ್ತ ಹೋದರೆ ಓರೆಗೆರೆ ಸುಲಭವಾಗಿ ಬರುತ್ತದೆ. ನೇಕಾರನೂ ಪ್ರತಿ ಹೊಕ್ಕಿಗೆ ಇಷ್ಟಿಷ್ಟು ಎಳೆ ಎಂದು ಸರಿಸುತ್ತ ಹೋದರೆ ಮೊನೆ ತಾನಾಗಿಯೇ ಮೂಡುತ್ತದೆ. ತೆನೆಯಾಗಲಿ ಗೋಪುರವಾಗಲಿ, ಮಗ್ಗಕ್ಕೆ ಬಂದಾಗ ಎಳೆಗಳ ಲೆಕ್ಕವಾಗುತ್ತದೆ.

ಕಡಲಾಚೆಯ ಮಲಯ ನಾಡಿನ ಸೊಂಗ್ಕೆಟ್ ಬಟ್ಟೆಯಲ್ಲೂ ಇಂಥದೇ ತ್ರಿಕೋನಗಳ ಸಾಲು ಇದೆ. ಅದನ್ನು ಅವರು ‘ಪುಚುಕ್ ರೆಬುಂಗ್’, ಎಂದರೆ ಬಿದಿರಿನ ಮೊಳಕೆ, ಎನ್ನುತ್ತಾರೆ. ಅಲ್ಲಿ ಚಿನ್ನದ ಬಣ್ಣದ ಎಳೆಯನ್ನು ಹೆಚ್ಚಿನ ಹೊಕ್ಕಾಗಿ ಸೇರಿಸಿ ನೇಯುತ್ತಾರೆ. ಯುನೆಸ್ಕೋ 2021ರಲ್ಲಿ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ನಾಡುಗಳೂ ತಮ್ಮ ಕಣ್ಣೆದುರಿಗಿದ್ದ ಬೆಳೆಯ ಹೆಸರನ್ನು ಒಂದೇ ಆಕಾರಕ್ಕೆ ಕೊಟ್ಟವು.

ಇಳಕಲ್ಲಿನ ನಿಜವಾದ ವೈಶಿಷ್ಟ್ಯ ಇರುವುದು ಆಕಾರದಲ್ಲಲ್ಲ, ಕೊಂಡಿಯಲ್ಲಿ. ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಒಡಲಿನದು ಹತ್ತಿಯಾದರೆ ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆ. ಇವೆರಡನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಸೀರೆಗೆ ಇಂಥ ಸಾವಿರಾರು ಕೊಂಡಿಗಳು. ಮಗ್ಗಕ್ಕೆ ಏರುವ ಮೊದಲಿನ ಕೆಲಸಗಳಲ್ಲಿ ಮನೆಯ ಹೆಂಗಸರ ಪಾಲೇ ದೊಡ್ಡದು. ಅಷ್ಟು ಶ್ರಮದ ಫಲವೇನು? 16ರಿಂದ 27 ಅಂಗುಲದ ಆ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಒಡಲಿನ ಹಸಿರೋ ಕಪ್ಪೋ ಒಂದೆಳೆಯೂ ಒಳನುಗ್ಗುವುದಿಲ್ಲ. ಅದಕ್ಕೇ ಆ ಕೆಂಪು ಅಷ್ಟು ಗಾಢ.

ದಡಿಯಲ್ಲೂ ಇದೇ ಶಿಸ್ತು. ಎರಡು ದಡಿಗೆ ಎರಡು ಲಾಳಿ, ಒಡಲಿಗೆ ಒಂದು, ಹೀಗೆ ಮೂರು ಲಾಳಿಗಳನ್ನು ಕುಣಿಮಗ್ಗದಲ್ಲಿ ಕುಳಿತ ನೇಕಾರ ಆಡಿಸುತ್ತಾನೆ. ಗೋಮಿ, ಚಿಕ್ಕಿ ಪರಾಸು, ದೊಡ್ಡ ಪರಾಸು, ಗಾಡಿ ಎಂಬವು ದಡಿಯ ಹೆಸರುಗಳು.

ಇದೇ ಲೆಕ್ಕ ಕಸೂತಿಯಲ್ಲೂ ಮುಂದುವರಿಯುತ್ತದೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿಯೇ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ತೊಟ್ಟಿಲು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಈ ಸೀರೆಗೆ ಜೊತೆಯಾಗುವ ಕುಬಸದ ಖಣ ಬರುವುದು ಗುಳೇದಗುಡ್ಡದಿಂದ. ಅದರಲ್ಲಿ ಹೆಚ್ಚಿನ ಹಾಸಿನ ಎಳೆಗಳಿಂದ ಆನೆಹೆಜ್ಜೆ, ತುಳಸಿ ಎಲೆಯಂಥ ಪುಟ್ಟ ಚಿತ್ತಾರಗಳು ಏಳುತ್ತವೆ.

ಈಗ ಆತಂಕದ ಮಾತು. ಟೋಪ್ ತೆನಿಯ ಚಿತ್ರವನ್ನು ನಕಲು ಮಾಡುವುದು ಕಷ್ಟವಲ್ಲ. ವಿದ್ಯುತ್ ಮಗ್ಗದಲ್ಲಿ ಒಂದೇ ಉದ್ದನೆಯ ಹಾಸಿನ ಮೇಲೆ ಸೀರೆಯ ಹಿಂದೆ ಸೀರೆ ಇಳಿಯುತ್ತದೆ; ಪ್ರತಿ ಸೀರೆಗೂ ನಿಂತು ಕೊಂಡಿ ಹಾಕಲು ಅಲ್ಲಿ ಆಸ್ಪದವಿಲ್ಲ. ಬೆಲೆ ಕಡಿಮೆ, ದೂರದಿಂದ ನೋಟವೂ ಅದೇ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೂ ಅಂಗಡಿಯ ಕಟ್ಟೆಯ ಮೇಲೆ ತೀರ್ಪು ಕೊಡುವುದು ಕೊಳ್ಳುವವರ ಕಣ್ಣೇ. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದು ತಪ್ಪೇನಲ್ಲ. ಅದನ್ನು ಕೈಮಗ್ಗದ್ದೆಂದು ನಂಬಿ ಕೊಂಡರೆ ಮಾತ್ರ ನೀವೂ ಮೋಸಹೋದಿರಿ, ಕೊಂಡಿ ಹಾಕಿದ ಕೈಗೂ ಕೂಲಿ ತಪ್ಪಿತು.

ಆದ್ದರಿಂದ ಮುಂದಿನ ಸಲ ಸೀರೆ ಬಿಚ್ಚಿಸಿದಾಗ ಸೆರಗಿನ ಚೆಲುವನ್ನಷ್ಟೇ ನೋಡಬೇಡಿ. ಒಡಲು ಮುಗಿದು ಸೆರಗು ಆರಂಭವಾಗುವ ಜಾಗವನ್ನು ಮಗುಚಿ ಬೆರಳಾಡಿಸಿ. ಸಣ್ಣ ಕುಣಿಕೆಗಳ ಸಾಲು ಕೈಗೆ ತಾಗುತ್ತದೆಯೇ? ಒಡಲಿನ ಬಣ್ಣ ಅಲ್ಲಿಗೇ ನಿಂತಿದೆಯೇ? ಮನೆಯಲ್ಲಿ ಅಜ್ಜಿಯ ಹಳೆಯ ಸೀರೆಯಿದ್ದರೆ ಮೊದಲು ಅದರಲ್ಲೇ ಅಭ್ಯಾಸ ಮಾಡಿಕೊಳ್ಳಿ.