ಮೂರು ಕಿಲೋಮೀಟರ್ ಆಳದಲ್ಲಿ ಚಿನ್ನ, ನೂರು ಕಿಲೋಮೀಟರ್ ದೂರದಲ್ಲಿ ಅನ್ನ

ಓಕಳಿಪುರಂ ಹಾದು ಬೆಂಗಳೂರು ಸಿಟಿ ಸ್ಟೇಷನ್ ಸೇರುವ ಬೆಳಗಿನ ರೈಲುಗಳಲ್ಲಿ ಮಾರಿಕುಪ್ಪಂನಿಂದ ಬರುವುದನ್ನು ದೂರದಿಂದಲೇ ಗುರುತಿಸಬಹುದು. ಬಾಗಿಲ ತುಂಬಾ ಜನ, ಹೆಗಲಿಗೆ ಊಟದ ಬ್ಯಾಗು, ತಮಿಳು-ತೆಲುಗು-ಕನ್ನಡ ಕಲಸಿದ ಮಾತು. ಕೆಜಿಎಫ್‌ನವರು. ಕೆಲಸ ಬೆಂಗಳೂರಲ್ಲಿ, ಮನೆ ಕೋಲಾರ ಚಿನ್ನದ ಗಣಿಯೂರಲ್ಲಿ. ಒಂದು ಕಾಲಕ್ಕೆ ಕೂಲಿ ಹುಡುಕಿಕೊಂಡು ಜನ ಹೋಗುತ್ತಿದ್ದುದೇ ಆ ಊರಿಗೆ.

ಗಣಿ ಬರುವ ಮೊದಲು ಅದು ಮೈಸೂರು ಸೀಮೆಯ ಮೂಡಣ ಅಂಚಿನ ಕುರುಚಲು ಕಾಡು. ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ಆರಿಸುವುದನ್ನು 1802ರಲ್ಲೇ ಲೆಫ್ಟಿನೆಂಟ್ ವಾರನ್ ನೋಡಿದ್ದ. 1870ರ ದಶಕದಲ್ಲಿ ಮಾಜಿ ಸೈನಿಕ ಲವೆಲ್ ಗಣಿಗಾರಿಕೆಯ ಪರವಾನಗಿ ಪಡೆದರೂ ಅವನ ಬಳಿ ದುಡ್ಡಿರಲಿಲ್ಲ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಗೆ ದುಡ್ಡೂ ಇತ್ತು, ಯಂತ್ರವೂ ಇತ್ತು.

1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿಯಲ್ಲಿ ಗಣಿ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೊದಲೇ ಕರೆಂಟು ಬಂದದ್ದನ್ನು ಗಣಿಯೂರಿನ ಹೆಮ್ಮೆ ಎನ್ನುವವರೇ ಎಲ್ಲ. ನನಗೇಕೋ ಪೂರ್ತಿ ಒಪ್ಪಿಗೆಯಿಲ್ಲ. ಕರೆಂಟು ಬೇಕಾಗಿದ್ದುದು ಯಂತ್ರಗಳಿಗೆ. ದೊರೆಗಳಿಗೆ ಬಂಗಲೆ, ಕ್ಲಬ್ಬು. ಆರ್ಕಾಟು, ಸೇಲಂ ಕಡೆಯಿಂದ ಬಂದ ಕೂಲಿಗಳಿಗೆ ‘ಲೈನು’ ಎಂಬ ಸಾಲುಮನೆಗಳಲ್ಲಿ ಒಂದೇ ಕೋಣೆ.

ಚಿನ್ನದ ಪದರ ಇಳಿದಂತೆಲ್ಲ ಗಣಿಯೂ ಇಳಿಯಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಕೆಳಗೆ ಹೋಯಿತು. ಕೇಜಿನಲ್ಲಿ ನಿಂತು ಕೆಳಗಿಳಿದರೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ತಳ್ಳದಿದ್ದರೆ ಅಲ್ಲಿ ನಿಲ್ಲುವಂತಿರಲಿಲ್ಲ. ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತಿತ್ತು. ಉಳಿದು ಬಂದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಕೂರುತ್ತಿತ್ತು. ಆ ಆಳವೇ ವಿಜ್ಞಾನಿಗಳಿಗೆ ವರವಾದದ್ದು ಬೇರೆ ಕಥೆ: ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಸಿಕ್ಕ ಜಾಗಗಳಲ್ಲಿ ಈ ಗಣಿಯೂ ಒಂದು.

ಆಳ ಹೆಚ್ಚಿತು, ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್: ಯಜಮಾನರು ಬದಲಾದರು, ಲೆಕ್ಕ ಬದಲಾಗಲಿಲ್ಲ. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಗೆ 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಬೆಮೆಲ್ ಕಾರ್ಖಾನೆಯೊಂದು ಉಳಿದಿತ್ತು, ನಿಜ. ಆದರೆ ಗಣಿ ಸಾಕಿದ್ದ ಇಡೀ ಊರನ್ನು ಅದೊಂದೇ ಸಾಕಲಾದೀತೆ?

ಉಳಿದದ್ದು ಸಯನೈಡ್ ಗುಡ್ಡಗಳು. ಅದಿರು ಅರೆದು ಚಿನ್ನ ತೆಗೆದ ಮೇಲಿನ ಬೂದು ಮಣ್ಣಿನ ರಾಶಿ. ಗಾಳಿಗಾಲದಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಅದರದೇ ದೂಳು. ಸಿನಿಮಾದವರಿಗೆ ಅದು ಸೆಟ್ಟಾಯಿತು. ಆ ಮಣ್ಣಿನಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಊರಿನವರಿಗೆ ಕೆಲಸದ ಆಸೆ ಸಹಜ. ಆದರೆ ನೆಲದ ಮೇಲಿನ ಗುಡ್ಡ ಕರಗಿಸಲು ಯಂತ್ರಗಳೇ ಸಾಕು. ಹಿಂದಿನಂತೆ ಸಾವಿರಾರು ಕೈ ಬೇಕಾಗುವುದಿಲ್ಲ.